ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ

ನನ್ನ ಮಗಳು ಭೂಮಿಕಾ ಬದುಕಿದ್ದಾಳೆ. ಚೆನ್ನಾಗಿದ್ದಾಳೆ. ಮೊನ್ನೆ ಸಾಲೆಯಲ್ಲಿ ಖೋ ಖೋ ಆಡಿ ಮೊಣಕಾಲು ತರಚಿಕೊಂಡು ಬಂದಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇಂಥದ್ದನ್ನು ಓದುವ ತಾಯಂದಿರು ಮೊದಲು ಕೊನೆಯ ಸಾಲಿಗೆ ಹೋಗಿ ಮಗು ಉಳಿಯಿತೋ ಇಲ್ಲವೋ ನೋಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಉಳಿದಳು, ಇನ್ನು ನಿಧಾನವಾಗಿ ಓದಿ.

ಈ ಕಥೆ ಹೇಳಲು ಗೋಕಾಕದಲ್ಲಿ ಒಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಶಾಲು, ಹಾರ, ನೆನಪಿನ ಕಾಣಿಕೆ, ಹಿಂದೆ ಬ್ಯಾನರಿನಲ್ಲಿ ‘ಧೈರ್ಯವಂತ ತಾಯಿ’ ಎಂಬ ಅಕ್ಷರ. ನಾನು ಹೋಗಲಿಲ್ಲ. ಆ ದಿನಗಳನ್ನು ನೆನೆದರೆ ಎಲ್ಲರಿಗೂ ಕಣ್ಣೀರು ಬರುತ್ತದಂತೆ. ನನಗೆ ಬರುವುದು ಹೇಸಿಗೆ. ಮನೆಯವರ ಮೇಲೆ, ನೋಡಲು ಬಂದವರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಹಾರ ಹಾಕಿಸಿಕೊಂಡಿದ್ದರೆ ಅದರ ವಾಸನೆಗೇ ವಾಂತಿ ಬರುತ್ತಿತ್ತು.

ನಾನು ಅಂಗನವಾಡಿ ಕಾರ್ಯಕರ್ತೆ. ಮೂಡಲಗಿಯಿಂದ ನಾಗನೂರಿಗೆ ಹೋಗುವ ಕಡೆ ನಮ್ಮ ಹಳ್ಳಿ. ಕುರಿ ಕಾಯುವ ಮನೆತನ ನಮ್ಮದು, ಈಗ ಅರ್ಧ ಕುರಿ, ಅರ್ಧ ಹೊಲ. ಮಾವ ಇನ್ನೂ ಕುರಿ ಬಿಟ್ಟಿಲ್ಲ. ನನ್ನ ಗಂಡ ಗೋಕಾಕದ ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ದಿನಾ ಗಾಡಿಯ ಮೇಲೆ ಹೋಗಿ ಬರುತ್ತಾರೆ. ಮೈದುನ ಲಕ್ಕಪ್ಪ ಹೊಲ ನೋಡುತ್ತಾನೆ. ಭೂಮಿಕಾ ನಮ್ಮ ಒಬ್ಬಳೇ ಮಗಳು, ಆಗ ಎಂಟು ವರ್ಷದವಳು.

ಕೊರೊನಾದ ಎರಡನೆಯ ಅಲೆ ಬಂದಾಗ ನನ್ನ ಕೈಗೆ ಒಂದು ರಜಿಸ್ಟರ್, ಒಂದು ಆಕ್ಸಿಮೀಟರ್ ಕೊಟ್ಟು ಮನೆ ಮನೆಗೆ ಕಳಿಸಿದರು. ಯಾರಿಗೆ ಜ್ವರ, ಯಾರಿಗೆ ಕೆಮ್ಮು, ಯಾರಿಗೆ ವಾಸನೆ ಹತ್ತುತ್ತಿಲ್ಲ, ಬರೆದುಕೊಂಡು ಮೇಲೆ ತಿಳಿಸಬೇಕು. ಬಾಗಿಲಲ್ಲಿ ನಿಂತು ನಾನು ಹೇಳುತ್ತಿದ್ದ ಮಾತು ಈಗಲೂ ಬಾಯಿಪಾಠ: “ಖರೆ ಹೇಳ್ರಿ. ಮುಚ್ಚಿಟ್ರ ನಿಮಗ ತ್ರಾಸ, ಊರಿಗೂ ತ್ರಾಸ.” ಹಿಂದಿನ ಓಣಿಯ ಶಾಂತವ್ವ ನನ್ನ ಮಾತು ನಂಬಿ ಖರೆ ಹೇಳಿದಳು. ಅವಳ ಮನೆಯ ಮುಂದೆ ಪಟ್ಟಿ ಕಟ್ಟಿದರು. ಆಮೇಲೆ ಓಣಿಯವರು ಅವಳ ಮನೆಯವರಿಗೆ ನಳದ ನೀರು ಹಿಡಿಯಲು ಬಿಡಲಿಲ್ಲ, ಹಾಲು ಹಾಕುವವನು ಹಾಲು ನಿಲ್ಲಿಸಿದ. ಅವಳು ಕಿಟಕಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಮಾಸ್ಕು ಮೇಲೆಳೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ.

ಲಕ್ಕಪ್ಪನ ಲಗ್ನಕ್ಕೆ ಎಂಟು ದಿನ ಉಳಿದಿತ್ತು. ಹೆಣ್ಣು ಹುಕ್ಕೇರಿ ತಾಲೂಕಿನದು, ನಿಡಸೋಸಿಯ ಬಾಜೂ ಹಳ್ಳಿ. ಒಂದು ಬೆಳಿಗ್ಗೆ ಮಾವ ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಚ್ಚಿ ಮುಖ ಸಿಂಡರಿಸಿದರು.

“ಇದೇನ ಸಪ್ಪಗೈತಲ್ಲ, ಹಳೇದೇನ?”

ಉಳ್ಳಾಗಡ್ಡಿ ಹಿಂದಿನ ದಿನ ತಂದದ್ದು, ಹೆಚ್ಚುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾನು ಎದ್ದು ಅವರನ್ನು ಕುರಿದೊಡ್ಡಿಯ ಹತ್ತಿರ ಕರೆದುಕೊಂಡು ಹೋಗಿ ವಾಸನೆ ಬರುತ್ತಿದೆಯೇ ಎಂದು ಕೇಳಿದೆ. ಮಾವ ಮೂಗು ಅರಳಿಸಿ ನಿಂತರು. ಅರವತ್ತು ವರ್ಷ ಕುರಿಯ ಜೊತೆ ಮಲಗಿ ಎದ್ದ ಮನುಷ್ಯನಿಗೆ ತನ್ನ ಕುರಿಯ ವಾಸನೆ ಹತ್ತಲಿಲ್ಲ. ಅವರ ಮುಖ ಕಪ್ಪಿಟ್ಟಿತು. ಎರಡು ದಿನದಿಂದ ಕೆಮ್ಮೂ ಇತ್ತು.

ಅತ್ತೆ ನನ್ನ ಹಿಂದೆಯೇ ಬಂದು ನಿಂತಿದ್ದರು. “ಬ್ಯಾಸಗ್ಯಾಗ ಕೆಮ್ಮು ಬಂದ ಬರತೈತಿ. ಸುದ್ದಿ ಹೊರಗ ಹೋತಂದ್ರ ಲಗ್ನ ನಿಂತಂಗ. ನಿನ್ನ ಪುಸ್ತಕದಾಗ ನಮ್ಮ ಮನಿ ಬರೀಬ್ಯಾಡ” ಎಂದರು.

ಬರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆದೆ. ನಮ್ಮ ಮನೆಯ ಸಾಲಿನಲ್ಲಿ, ಆರು ಜನರ ಹೆಸರಿನ ಮುಂದೆ, ದುಂಡಗಿನ ಅಕ್ಷರದಲ್ಲಿ ‘ಲಕ್ಷಣಗಳಿಲ್ಲ’ ಎಂದು ಬರೆದೆ. ನನ್ನ ಅಕ್ಷರ ಚೆಂದ ಎಂದು ಮೇಲಿನವರು ಯಾವಾಗಲೂ ಹೊಗಳುತ್ತಿದ್ದರು. ಲಗ್ನಕ್ಕೆ ಮೂರು ದಿನ ಇದ್ದಾಗ ಭೂಮಿಕಾಳಿಗೂ ಮೈ ಬಿಸಿಯಾಯಿತು, ಮೂಗು ಸೋರಿತು. ಜ್ವರದ ಔಷಧಿ ಕುಡಿಸಿದೆ, ಎರಡು ದಿನಕ್ಕೆ ಇಳಿಯಿತು. ಅವಳ ಹೆಸರಿನ ಮುಂದೆ ಬರೆದದ್ದನ್ನು ತಿದ್ದಲಿಲ್ಲ.

ಲಗ್ನ ಹೆಣ್ಣಿನ ಮನೆಯ ಮುಂದೆ, ಸಣ್ಣ ಹಂದರದಲ್ಲಿ ಆಯಿತು. ಮದುಮಗಳು ರೇಣುಕಾ. ಅವಳ ಅಪ್ಪನ ತಾಯಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಭೂಮಿಕಾಳನ್ನು ನೋಡಿದ್ದೇ ತೊಡೆಯ ಮೇಲೆ ಕೂರಿಸಿಕೊಂಡರು. ತಮ್ಮ ತಾಟಿನ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಒಂದು ತುತ್ತು ಅವಳಿಗೆ, ಒಂದು ತುತ್ತು ತಮಗೆ. ಭೂಮಿಕಾ ಸೀನಿದಳು. ಆಯಿ ತಮ್ಮ ಸೆರಗಿನಿಂದ ಅವಳ ಮೂಗು ಒರೆಸಿದರು. ನಾನು ಮೂರು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಸಾವಿರ ಬಾಗಿಲಲ್ಲಿ ಉಪದೇಶ ಮಾಡಿದ ನನ್ನ ಬಾಯಿ ಅಂದು ತೆರೆಯಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಹುಕ್ಕೇರಿಯಿಂದ ಫೋನ್ ಬಂತು. ಆಯಿಗೆ ಉಸಿರು ಹತ್ತಿ, ಎಲ್ಲಿಯೂ ಹಾಸಿಗೆ ಸಿಗದೆ, ಗಾಡಿಯಲ್ಲಿ ತಿರುಗುತ್ತಿದ್ದಾಗಲೇ ಪ್ರಾಣ ಹೋಗಿತ್ತು. ನಾವೆಲ್ಲ ಮಾತಾಡಿಸಿ ಬರಲು ಹೋದೆವು. ಮಾವ ಬೀಗರ ಹೆಗಲು ಹಿಡಿದು ಗಟ್ಟಿಯಾಗಿ ಅತ್ತರು. ಅತ್ತೆ ಎಲ್ಲರಿಗಿಂತ ಜೋರಾಗಿ ಅತ್ತರು. ನಾನು ಸಂಕಟದ ಮುಖ ಮಾಡಿ ರೇಣುಕಾಳ ಬೆನ್ನು ಸವರಿದೆ. ಬರುವಾಗ ಗಾಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಮೌನದಲ್ಲಿಯೇ ನಾವೆಲ್ಲ ಒಪ್ಪಂದ ಮಾಡಿಕೊಂಡೆವು: ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಲಗ್ನವಾಗಿ ಐದನೆಯ ವಾರ ಭೂಮಿಕಾಳಿಗೆ ಮತ್ತೆ ಜ್ವರ ಬಂತು. ಈ ಸಲದ್ದು ಬೇರೆ ಜ್ವರ. ಔಷಧಿ ಕುಡಿಸಿದರೆ ಒಂದು ತಾಸು ಇಳಿದು ಮತ್ತೆ ಏರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮುದ್ದೆಯಾಗಿ ಮಲಗುತ್ತಿದ್ದಳು. ಮೂರನೆಯ ದಿನ ಎದೆ, ಬೆನ್ನಿನ ತುಂಬ ಕೆಂಪು ಗುಳ್ಳೆ ಎದ್ದವು. ಕಣ್ಣು ಕೆಂಡದ ಹಾಗೆ ಕೆಂಪು, ತುಟಿ ಒಡೆದು ರಕ್ತ.

ಅತ್ತೆ ನೋಡಿದ್ದೇ ಕೈ ಮುಗಿದರು. “ತಾಯಿ ಆಡಾಕ ಬಂದಾಳ. ಯಾರೂ ಮುಟ್ಟಬ್ಯಾಡ್ರಿ, ದವಾಖಾನಿ ಅನಬ್ಯಾಡ್ರಿ. ಸೂಜಿ ಚುಚ್ಚಿಸಿದ್ರ ತಾಯಿ ಸಿಟ್ಟಾಗ್ತಾಳ.”

ನಮ್ಮಲ್ಲಿ ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ದೇವಿಯೇ ಮನೆಗೆ ಬಂದಳೆಂದು ಲೆಕ್ಕ. ಬಾಗಿಲಿಗೆ ಬೇವಿನ ತೊಂಗಲು ಕಟ್ಟುತ್ತಾರೆ. ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಮಗುವಿಗೆ ಮೊಸರನ್ನ, ಬೇವಿನ ಹಾಸಿಗೆ. ಐದನೆಯ ದಿನ ಬೇವಿನ ನೀರು ಎರೆದು ದೇವಿಯನ್ನು ಕಳಿಸುವ ತನಕ ಹೊರಗಿನವರು ಹೊಸ್ತಿಲು ದಾಟುವುದಿಲ್ಲ.

ನಾನು ಅಂಗನವಾಡಿಯವಳು. ದಡಾರದ ಲಸಿಕೆಯನ್ನು ಎರಡೂ ಸಲ ನಾನೇ ಎತ್ತಿಕೊಂಡು ಹೋಗಿ ಹಾಕಿಸಿದ್ದೆ, ಕಾರ್ಡಿನಲ್ಲಿ ಗುರುತು ಇತ್ತು. ಇದು ದಡಾರ ಅಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೂ ಬೇವಿನ ತೊಂಗಲನ್ನು ಬಾಗಿಲಿಗೆ ಕಟ್ಟಿದವಳು ನಾನೇ. ಯಾಕೆಂದರೆ ಬೇವು ಕಂಡ ಮನೆಗೆ ಯಾರೂ ಬರುವುದಿಲ್ಲ. ಆಶಾ ಕಾರ್ಯಕರ್ತೆ ಬರುವುದಿಲ್ಲ, ಪಂಚಾಯತಿಯವರು ಬರುವುದಿಲ್ಲ, ‘ಜ್ವರ ಐತೇನ್ರಿ?’ ಎಂದು ಕೇಳುವುದಿಲ್ಲ. ದೇವಿಯ ಮೇಲೆ ನನಗೆ ಭಕ್ತಿ ಹುಟ್ಟಿರಲಿಲ್ಲ, ಅವಳು ಮುಚ್ಚಿಕೊಳ್ಳಲು ಒಳ್ಳೆಯ ಬಾಗಿಲು ಆಗಿದ್ದಳು. ಇದನ್ನು ಬರೆಯುವಾಗಲೂ ಬೇವಿನ ಕಹಿ ಗಂಟಲಿಗೆ ಬರುತ್ತದೆ. ಈಗ ಬೇವಿನ ಮರದ ಕೆಳಗೆ ನಾನು ನಿಲ್ಲುವುದಿಲ್ಲ.

ಐದನೆಯ ದಿನ ನೀರು ಎರೆಯಲು ಎತ್ತಿದರೆ ಅವಳ ಕತ್ತು ನಿಲ್ಲಲಿಲ್ಲ. ಮೈ ಬಿಸಿ, ಕೈಕಾಲು ಮಾತ್ರ ಬಾವಿಯ ನೀರಿನಷ್ಟು ತಣ್ಣಗೆ. ಕಪಾಟಿನಿಂದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದೆ. ಅದು ಏನನ್ನೂ ತೋರಿಸಲಿಲ್ಲ, ಗೆರೆಗಳನ್ನಷ್ಟೇ ತೋರಿಸಿತು. ಅತ್ತೆ ಬಿಂದಿಗೆ ಹಿಡಿದುಕೊಂಡೇ, “ಒಂದ ತಾಸ ತಡಿ, ನೀರ ಬಿದ್ರ ತಾಯಿ ತಣ್ಣಗಾಗ್ತಾಳ” ಎಂದರು. ನಾನು ಅವರ ಕೈಯಿಂದ ಬಿಂದಿಗೆ ಕಿತ್ತು ಅಂಗಳಕ್ಕೆ ಎಸೆದೆ. ಅದುವರೆಗೆ ಆ ಮನೆಯಲ್ಲಿ ನಾನು ಗಟ್ಟಿ ದನಿಯಲ್ಲಿ ಮಾತಾಡಿದವಳೂ ಅಲ್ಲ.

ಮೂಡಲಗಿಯ ಡಾಕ್ಟರು ಕಣ್ಣುರೆಪ್ಪೆ ಎತ್ತಿ ನೋಡಿ, “ಇಲ್ಲಿ ಕುಂದ್ರಬ್ಯಾಡ್ರಿ, ಗೋಕಾಕಕ್ಕ ನಡೀರಿ, ಲಗೂನ” ಎಂದರು. ಗೋಕಾಕದ ಮಕ್ಕಳ ಆಸ್ಪತ್ರೆಯಲ್ಲಿ ನೇರವಾಗಿ ಐಸಿಯುಗೆ ತೆಗೆದುಕೊಂಡರು. ಬಾಗಿಲಲ್ಲಿ ಒಬ್ಬ ಸಿಸ್ಟರ್ ಕಾಗದ ಹಿಡಿದು ನಿಂತು ಕೇಳುತ್ತಾ ಹೋದಳು. ಹೆಸರು, ವಯಸ್ಸು, ಎಷ್ಟು ದಿನದ ಜ್ವರ. ಆಮೇಲೆ:

“ಹಿಂದ ಒಂದೆರಡ ತಿಂಗಳದಾಗ ಮನ್ಯಾಗ ಯಾರಿಗರೆ ಕೊರೊನಾ ಆಗಿತ್ತೇನ್ರಿ? ಕೂಸಿಗೆ ಜ್ವರ, ಕೆಮ್ಮು?”

“ಇಲ್ರಿ” ಎಂದರು ನನ್ನ ಗಂಡ. ಯೋಚನೆ ಮಾಡಲೂ ಇಲ್ಲ.

ಸಿಸ್ಟರ್ ನನ್ನ ಕಡೆ ನೋಡಿದಳು. ನಾನು, “ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ರಿ” ಎಂದೆ. ಬಾಗಿಲು ಮುಚ್ಚಿತು.

ಅಂದು ಟೈಫಾಯಿಡ್ ಇರಬಹುದು, ಹೊಟ್ಟೆಯೊಳಗೆ ಏನೋ ಕೀವಾಗಿರಬಹುದು ಎಂದು ಒಂದು ಇಡೀ ದಿನ ಔಷಧಿ ನಡೆಯಿತು. ಅವಳು ಕುಸಿಯುತ್ತಲೇ ಹೋದಳು. ಆ ಒಂದು ದಿನ ನನ್ನದು. ಯಾವ ಡಾಕ್ಟರ ತಪ್ಪೂ ಅದರಲ್ಲಿಲ್ಲ, ನಾನು ಕೊಟ್ಟ ಉತ್ತರದ ಮೇಲೆ ಅವರು ನಡೆದರು.

ಕಾಯುವ ಕೋಣೆಯ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಹೋಗದಿದ್ದರೆ ಮುಂದಿನ ತಲೆಮಾರಿನ ತನಕ ಆಡಿಕೊಳ್ಳುತ್ತಾರೆ. ಹಾಗಾಗಿ ಕೊರೊನಾದ ಕಾಲದಲ್ಲಿಯೂ ಟಂಟಂ ಗಾಡಿ ತುಂಬ ಜನ ಬಂದರು. ಮಾಸ್ಕು ಗದ್ದದ ಕೆಳಗೆ. ಬಾಯಿಗೆ ನೀರಿನ ಹನಿ ಬಿಡಲೂ ಅಪ್ಪಣೆ ಇಲ್ಲದ ಮಗುವಿಗೆ ಮೂರು ಡಬ್ಬಿ ಕರದಂಟು ತಂದರು, ತಾವೇ ಬಿಚ್ಚಿ ತಿಂದರು. ಕೈ ತೊಳೆಯುವ ಬೇಸಿನ್ನಿನಲ್ಲಿ ಯಾರೋ ಗುಟ್ಕಾ ಉಗುಳಿದ್ದರು. ಅದೇ ನಳದ ಕೆಳಗೆ ಕೈ ಹಿಡಿದು ನಾನು ಮಗಳನ್ನು ಗಾಜಿನಿಂದ ನೋಡಲು ಹೋಗಬೇಕಿತ್ತು.

ದೂರದ ಒಬ್ಬ ಅತ್ತಿಗೆ ನನ್ನ ಪಕ್ಕ ಕುಳಿತು, ತೊಡೆ ತಟ್ಟಿ, “ಇದಕ್ಕ ನಾ ಹೇಳತಿದ್ದೆ, ಒಂದ ಕೂಸಿನ ಮ್ಯಾಲೆ ನಿಲ್ಲಬಾರದವಾ, ಇನ್ನೊಂದ ಆಗಬೇಕಿತ್ತ” ಎಂದಳು. ಒಳಗೆ ನನ್ನ ಮಗಳು ಉಸಿರು ಎಳೆಯುತ್ತಿದ್ದಳು, ಹೊರಗೆ ಇವಳು ಅವಳ ಜಾಗ ತುಂಬುವ ಲೆಕ್ಕ ಹಾಕುತ್ತಿದ್ದಳು. ಇನ್ನೊಬ್ಬ ಮಹಾಶಯ ಗಾಜಿಗೆ ಮೊಬೈಲ್ ಒತ್ತಿ ಫೋಟೋ ತೆಗೆದ. ವೈರು, ನಳಿಕೆಗಳ ನಡುವೆ ನನ್ನ ಮಗಳು ಊರಿನ ಗ್ರೂಪಿನಲ್ಲಿ ಪ್ರತ್ಯಕ್ಷಳಾದಳು. ಕೈ ಮುಗಿದ ಚಿತ್ರಗಳು ಬಂದವು, ಅವಸರದ ಇಬ್ಬರು ‘ಓಂ ಶಾಂತಿ’ ಎಂದೂ ಹಾಕಿದರು. ನಾನು ಅದನ್ನು ನೋಡಿ ಮೊಬೈಲ್ ಬಂದ್ ಮಾಡಿದೆ.

ಒಳ್ಳೆಯದು ಏನೂ ಇರಲಿಲ್ಲ ಎಂದರೆ ನಾಲಿಗೆ ಬಿದ್ದು ಹೋಗುತ್ತದೆ. ನಿಡಸೋಸಿ ಕಡೆಯ ಒಬ್ಬ ಸಣ್ಣ ವಯಸ್ಸಿನ ಸಿಸ್ಟರ್ ಇದ್ದಳು. ಭೂಮಿಕಾಳ ಉಗುರಿಗೆ ಗುಲಾಬಿ ಬಣ್ಣ ಇತ್ತು, ರೇಣುಕಾ ಹಚ್ಚಿದ್ದು. ಬಣ್ಣ ಇದ್ದರೆ ಆಕ್ಸಿಮೀಟರ್ ಸರಿಯಾಗಿ ಓದುವುದಿಲ್ಲ. ಆ ಸಿಸ್ಟರ್ ಹತ್ತೂ ಬೆರಳಿನ ಬಣ್ಣವನ್ನು ಹತ್ತಿಯಿಂದ ಒಂದೊಂದಾಗಿ ಒರೆಸಿದಳು, ಒರೆಸುತ್ತಾ, “ಆರಾಮ ಆದ ಮ್ಯಾಲೆ ನಾನ ಹಚ್ತೇನಿ, ಯಾವ ಬಣ್ಣ ಬೇಕ ಹೇಳ” ಎಂದು ಕೇಳುತ್ತಿದ್ದಳು. ಭೂಮಿಕಾ ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಆದರೂ ಕೇಳುತ್ತಿದ್ದಳು. ಗಾಜಿನ ಆಚೆ ನಿಂತ ನನಗೆ ಅವಳ ಮಾಸ್ಕು ಅಲುಗುವುದಷ್ಟೇ ಕಾಣುತ್ತಿತ್ತು, ಕೇಳಿದ್ದೇನೆಂದು ಆಮೇಲೆ ಅವಳೇ ಬಂದು ಹೇಳಿದಳು. ಬಾಗಿಲು ಕಾಯುವ ಮುದುಕ ನನಗಾಗಿ ಒಂದು ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಹಾಕುತ್ತಿದ್ದ, ಯಾರಾದರೂ ಕೂತರೆ ಎಬ್ಬಿಸುತ್ತಿದ್ದ.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು, ಐವತ್ತರ ಹತ್ತಿರದ ಹೆಂಗಸು, ನನ್ನೊಬ್ಬಳನ್ನೇ ಒಳಗೆ ಕರೆದರು. ಮೂಗಿನ ಮೇಲೆ ಮಾಸ್ಕಿನ ಗೆರೆ ಗಾಯದಂತೆ ಕೂತಿತ್ತು.

“ಹೃದಯ ದಣದೈತಿ ಅಕಿದು. ರಕ್ತದ ಒತ್ತಡ ನಿಲ್ಲವಲ್ದು. ಕೊರೊನಾ ಆಗಿ ಹೋದ ಮ್ಯಾಲೆ ಕೆಲವು ಮಕ್ಕಳಿಗೆ ತಿಂಗಳ ಬಿಟ್ಟು ಹಿಂಗ ಆಗತೈತಿ. ಇದು ಅದ ಇದ್ರ ಅದಕ್ಕ ಬ್ಯಾರೆ ಔಷಧಿ. ಪರೀಕ್ಷಾಕ್ಕ ಬೆಳಗಾವಿಗೆ ರಕ್ತ ಕಳಿಸೇವಿ, ಬರಾಕ ಹೊತ್ತಾಗತೈತಿ. ಅಷ್ಟ ಹೊತ್ತ ನಿಮ್ಮ ಮಗಳ ಕಡೆ ಇಲ್ರಿ. ನಿನ್ನಿ ನೀವು ಇಲ್ಲ ಅಂದೀರಿ. ಮತ್ತೊಮ್ಮಿ ಕೇಳಾಕತ್ತೇನಿ.”

ಬಾಗಿಲ ಆಚೆ ನನ್ನ ಗಂಡ ನಿಂತಿದ್ದರು, ನೆರಳು ಕಾಣುತ್ತಿತ್ತು. ಅತ್ತೆ ಹೇಳಿದ್ದು, ಆಯಿಯ ಹೆಣ, ರೇಣುಕಾಳ ಬೆನ್ನು, ರಜಿಸ್ಟರಿನ ನನ್ನ ದುಂಡು ಅಕ್ಷರ, ಎಲ್ಲ ಒಟ್ಟಿಗೆ ನುಗ್ಗಿ ಬಂತು.

“ಆಗಿತ್ರಿ” ಎಂದೆ. “ನಮ್ಮ ಮಾವಗ ಆಗಿತ್ತು. ಅಕಿಗೂ ಆಗಿತ್ತು. ಐದಾರ ವಾರ ಆತ್ರಿ. ನಾ ಅಂಗನವಾಡ್ಯಾಗ ಕೆಲಸ ಮಾಡ್ತೇನ್ರಿ. ನಾನ ಬರದಿಲ್ಲ.”

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನ್ನನ್ನು ಬೈಯುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು ಒಳಗೆ ಓಡಿದರು. ಹೋಗುತ್ತಲೇ ಯಾರಿಗೋ ಯಾವುದೋ ಔಷಧಿಯ ಹೆಸರು ಕೂಗಿ ಹೇಳುತ್ತಿದ್ದರು.

ನಾನು ಹೊರಗೆ ಬಂದೆ. ನನ್ನ ಗಂಡ ತೋಳು ಹಿಡಿದು ಕಂಬದ ಮರೆಗೆ ಎಳೆದರು. “ಹೇಳಿದಿ? ಬೀಗರಿಗೆ ಗೊತ್ತಾದ್ರ?”

ಮಗಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ಮೊದಲು ಬಂದ ಮಾತು ಬೀಗರು. ಹತ್ತು ವರ್ಷ ಒಂದೇ ತಾಟಿನಲ್ಲಿ ಉಂಡ ಮನುಷ್ಯನ ಮುಖವನ್ನು ನೋಡಿ ನನಗೆ ಓಕರಿಕೆ ಬಂತು, ನಿಜವಾಗಿಯೂ ಬಂತು, ಮೂಲೆಗೆ ಹೋಗಿ ಬರಿ ನೀರು ಕಾರಿದೆ. ಹಿಂದಿರುಗಿ ನೋಡಿದರೆ ಅವರು ನೆಲದ ಮೇಲೆ ಕುಳಿತು ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಹೋಗಿ ಸಮಾಧಾನ ಮಾಡಲಿಲ್ಲ. ನನ್ನ ಓಕರಿಕೆಯಲ್ಲಿ ಅವರದು ಅರ್ಧ, ನನ್ನದು ಅರ್ಧ ಇತ್ತು.

ಆ ಮಧ್ಯಾಹ್ನವೇ ಹೊಸ ಔಷಧಿ ಹನಿ ಹನಿಯಾಗಿ ಅವಳ ರಕ್ತಕ್ಕೆ ಇಳಿಯತೊಡಗಿತು. ಇದನ್ನು ಓದುವ ತಾಯಿ ಯಾರಾದರೂ ಇದ್ದರೆ ಕೇಳಿ: ಡಾಕ್ಟರು ಕೇಳಿದಾಗ ಹೇಳಿಬಿಡಿ. ಮಾನ ಹೋದರೆ ಹೋಗಲಿ, ಅದು ಏನು ದೊಡ್ಡ ಚೆಂದದ ಸಾಮಾನಲ್ಲ.

ಬೀಗರು, ಎಂದರೆ ರೇಣುಕಾಳ ಅಪ್ಪ, ಬಂದದ್ದು ಮಾರನೆಯ ದಿನ. ಹುಕ್ಕೇರಿಯಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಎಲ್ಲರಂತೆ ಗಾಜಿಗೆ ಮುಖ ಒತ್ತಲಿಲ್ಲ. ಮಾಸ್ಕು ಮೂಗಿನ ತನಕ ಏರಿಸಿ, ದೂರ ನಿಂತು ಗಂಟು ಬಿಚ್ಚಿದರು. ಬಿಳಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

“ಉಣ್ಣ ತಂಗಿ. ತಾಯಿ ಉಪಾಸ ಬಿದ್ರ ಕೂಸು ಹೆಂಗ ಏಳತೈತಿ?”

ನಾನು ತಿಂದೆ. ಮೂರು ದಿನದ ಹಸಿವು, ನಾಚಿಕೆ ಇಲ್ಲದೆ ತಿಂದೆ. ಅವರು ಎದುರಿಗೆ ಕುಳಿತು ತಮ್ಮಷ್ಟಕ್ಕೆ ಮಾತಾಡತೊಡಗಿದರು. “ನಮ್ಮವ್ವ ಇದ್ದಿದ್ರ ಹರಕಿ ಹೊರತಿದ್ಲು. ಅಕಿನ್ನ ನಾನ ಕೊಂದೆ ತಂಗಿ. ಲಗ್ನ ಮುಗದ ಮ್ಯಾಲೆ ಸಂಕೇಶ್ವರ ಪ್ಯಾಟಿಗೆ ಮೆಣಸಿನಕಾಯಿ ಒಯ್ದಿದ್ದೆ. ಬ್ಯಾಡ ಅಂದಿದ್ಲು, ಕೇಳಲಿಲ್ಲ. ಅಲ್ಲಿಂದ ತಂದ ಅಕಿಗೆ ಅಂಟಸಿದೆ. ಈಗ ರೊಟ್ಟಿ ಮುರದ್ರ ಅಕಿ ಮಾರಿ ಕಾಣತೈತಿ, ಗಂಟಲದಾಗ ಇಳಿಯೂದಿಲ್ಲ.”

ನಿಜವಾಗಿಯೂ ಸೊರಗಿದ್ದರು. ಅಂಗಿಯ ಕುತ್ತಿಗೆ ಸಡಿಲವಾಗಿ ಜೋತಾಡುತ್ತಿತ್ತು. ನನ್ನ ಬಾಯಲ್ಲಿ ಅವರು ತಂದ ರೊಟ್ಟಿ ಇತ್ತು. ಹೇಳಲೇಬೇಕಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಪಕ್ಕದಲ್ಲಿ ಗಂಡ ನನ್ನ ಕಾಲನ್ನು ತಮ್ಮ ಕಾಲಿನಿಂದ ಒತ್ತಿದರು. ನಾನು ರೊಟ್ಟಿ ನುಂಗಿ, “ಹಂಗ ಅನಬ್ಯಾಡ್ರಿ ಕಾಕಾರ, ವಯಸ್ಸಾಗಿತ್ತು ಅವರಿಗೆ” ಎಂದೆ. ಜೀವಮಾನದಲ್ಲಿ ನಾನು ಆಡಿದ ಮಾತುಗಳಲ್ಲೆಲ್ಲ ಅದಕ್ಕಿಂತ ಹೊಲಸು ಮಾತು ಇನ್ನೊಂದಿಲ್ಲ.

ಹೊಸ ಔಷಧಿಯ ಎರಡನೆಯ ದಿನಕ್ಕೆ ಜ್ವರ ಇಳಿಯಿತು. ನಾಲ್ಕನೆಯ ದಿನ ಅವಳು ಕಣ್ಣು ಬಿಟ್ಟು ಸಿಸ್ಟರಿಗೆ, “ನೀಲಿ” ಎಂದಳಂತೆ. ಯಾವ ಬಣ್ಣ ಎಂಬ ಪ್ರಶ್ನೆಗೆ ಉತ್ತರ. ಸಿಸ್ಟರ್ ಓಡಿ ಬಂದು ನನ್ನ ಕೈ ಹಿಡಿದು ಅತ್ತಳು, ನಾನೂ ಅತ್ತೆ. ಇಡೀ ಆಸ್ಪತ್ರೆಯಲ್ಲಿ ನಾನು ಒಳಗಿನಿಂದ ಅತ್ತದ್ದು ಅದೊಂದೇ ಸಲ. ಇನ್ನೂ ಒಂದು ವಾರ ಇದ್ದು ಮನೆಗೆ ಬಂದೆವು. ಹೃದಯದ ಪರೀಕ್ಷೆಗೆ ಆಮೇಲೆ ತಿಂಗಳುಗಟ್ಟಲೆ ತಿರುಗಿದೆವು, ಕೊನೆಗೆ ಎಲ್ಲ ಸರಿಯಿದೆ ಎಂದರು.

ಊರಿಗೆ ಬಂದಾಗ ಕಥೆ ಆಗಲೇ ತಯಾರಾಗಿತ್ತು: ದೇವಿ ಪರೀಕ್ಷೆ ಮಾಡಿದಳು, ದೇವಿಯೇ ಉಳಿಸಿದಳು. ಬಿಂದಿಗೆ ಎಸೆದ ಸೊಸೆಯ ತಪ್ಪಿಗೆ ಮಗು ಅಷ್ಟು ದಿನ ನರಳಿತು ಎಂದೂ ಸೇರಿಸಿದ್ದರು. ಅತ್ತೆ ತಪ್ಪುಕಾಣಿಕೆಯೆಂದು ದೇವಿಗೆ ಉಡಿ ತುಂಬಿ, ಹೋಳಿಗೆ ಮಾಡಿ, ಬೀಗರನ್ನು ಊಟಕ್ಕೆ ಕರೆದರು. ನಾನು ಹೋಳಿಗೆ ತಟ್ಟಿದೆ.

ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕೂತರು. ಬೀಗರು, ಮಾವ, ನನ್ನ ಗಂಡ, ಲಕ್ಕಪ್ಪ. ರೇಣುಕಾ ತುಪ್ಪ ಬಡಿಸುತ್ತಿದ್ದಳು. ಭೂಮಿಕಾ ಒಳಕೋಣೆಯಲ್ಲಿ ಮಲಗಿದ್ದಳು, ಆಗಿನ್ನೂ ಹಗಲಲ್ಲಿ ಸುಸ್ತಾಗಿ ನಿದ್ದೆ ಹೋಗುತ್ತಿದ್ದಳು. ಬೀಗರು ಹೋಳಿಗೆಯ ತುಂಡನ್ನು ಹಾಗೇ ಕೈಯಲ್ಲಿ ಹಿಡಿದು ಹೇಳಿದರು:

“ನಿಮ್ಮ ಮನಿ ಚೊಕ್ಕ ಮನಿ. ಅದಕ್ಕ ದೇವಿ ಕೂಸಿನ್ನ ತಿರುಗಿ ಕೊಟ್ಲು. ನಾ ಪಾಪಿ. ನನ್ನ ಕೈಲೆ ನಮ್ಮವ್ವನ್ನ ಕಳಕೊಂಡೆ.”

ಮಾವ, “ದೇವರ ಇಚ್ಛಾ” ಎಂದು ತುತ್ತು ಬಾಯಿಗಿಟ್ಟರು. ಆ ತುತ್ತು ಬಾಯೊಳಗೆ ಹೋದದ್ದನ್ನು ನಾನು ನೋಡಿದೆ. ಅಷ್ಟು ಸಾಕಾಯಿತು.

“ಕಾಕಾರ, ನೀವು ತಂದಿಲ್ಲ” ಎಂದೆ. “ನಾವು ತಂದೇವಿ. ಲಗ್ನಕ್ಕಿಂತ ಮೊದಲ ನಮ್ಮ ಮಾವಗ ಆಗಿತ್ತು. ನಮಗೆಲ್ಲಾರಿಗೂ ಗೊತ್ತಿತ್ತು. ಲಗ್ನ ನಿಲ್ಲತೈತಂತ ಮುಚ್ಚಿಟ್ಟಿವಿ. ನನ್ನ ಪುಸ್ತಕದಾಗ ನಾನ ಸುಳ್ಳ ಬರದೇನಿ.”

ರೇಣುಕಾಳ ಕೈಯಲ್ಲಿ ತುಪ್ಪದ ಚಮಚ ಹಾಗೇ ನಿಂತಿತು. ಅತ್ತೆ ಅಡುಗೆಮನೆಯಿಂದ, “ಅಕಿ ತಲಿ ಕೆಟ್ಟೈತಿ, ಕೂಸಿನ ಚಿಂತ್ಯಾಗ ಏನರೆ ಅಂತಾಳ” ಎಂದು ಕೂಗಿದರು. ಬೀಗರು ಅತ್ತ ನೋಡಲೂ ಇಲ್ಲ. ಕೈಯಲ್ಲಿದ್ದ ಹೋಳಿಗೆಯ ತುಂಡನ್ನು ತಾಟಿಗಿಟ್ಟು, ಒಂದೇ ಪ್ರಶ್ನೆ ಕೇಳಿದರು.

“ಕೂಸಿಗೂ ಇತ್ತೇನು? ನಮ್ಮವ್ವ ತೊಡಿ ಮ್ಯಾಲೆ ಕುಂಡ್ರಿಸಿಕೊಂಡಾಗ?”

“ಇತ್ರಿ.”

ಅವರು ಎದ್ದರು. ಅಂಗಳಕ್ಕೆ ಹೋಗಿ ಕೈ ತೊಳೆದರು, ಬಾಯಿ ಮುಕ್ಕಳಿಸಿ ಅಲ್ಲೇ ಉಗುಳಿದರು. ನಮ್ಮ ಮನೆಯ ಅನ್ನವನ್ನೇ ಉಗುಳಿದ ಹಾಗಿತ್ತು, ಅದು ನ್ಯಾಯವೂ ಆಗಿತ್ತು. ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬಂದು, ಒಳಕೋಣೆಯ ಕಡೆ ನೋಡುತ್ತ ನನಗೆ ಹೇಳಿದರು: “ಅಕಿಗೆ ಎಂದೂ ಇದನ್ನ ಹೇಳಬ್ಯಾಡ್ರಿ. ಸಣ್ಣ ಜೀವ. ಹೊರಾಕ ಆಗೂದಿಲ್ಲ.” ಹೋದರು. ಆ ದಿನದಿಂದ ನಮ್ಮ ಹೊಸ್ತಿಲು ತುಳಿದಿಲ್ಲ.

ಅತ್ತೆ ನನ್ನ ಜೊತೆ ಒಂದು ವರ್ಷ ಮಾತಾಡಲಿಲ್ಲ. ಮಾವ ಆಮೇಲೆ ಹೆಚ್ಚು ದಿನ ಕುರಿಯ ಜೊತೆಯೇ ಇರತೊಡಗಿದರು. ನಾನು ರಜಿಸ್ಟರಿನ ವಿಷಯವನ್ನು ಮೇಲಿನವರಿಗೆ ಹೇಳಿದೆ. ಅವರು ಹಳೆಯದನ್ನು ಕೆದಕಬೇಡಿ, ಎಲ್ಲ ಊರಿನದೂ ಹೀಗೇ ಇದೆ ಎಂದು ನಕ್ಕರು. ಆ ನಗುವಿಗೂ ನನಗೆ ಹೇಸಿಗೆಯೇ ಬಂತು. ಶಾಂತವ್ವನ ಮನೆಗೆ ಹೋಗಿ ಕೈ ಹಿಡಿದುಕೊಂಡೆ, ಅವಳು ಕೈ ಬಿಡಿಸಿಕೊಂಡಳು. ರೇಣುಕಾ ತವರಿಗೆ ಹೋದವಳು ಎರಡು ತಿಂಗಳ ಮೇಲೆ ತಿರುಗಿ ಬಂದಳು. ಯಾಕೆ ಬಂದಳೆಂದು ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಬೀಗರ ಆ ಒಂದು ಮಾತನ್ನು ನಾನು ಇಷ್ಟು ವರ್ಷ ನಡೆಸಿದೆ. ಮಗಳಿಗೆ ಹೇಳಲಿಲ್ಲ. ಆದರೆ ಈಗ ಅವಳು ದೊಡ್ಡವಳಾಗಿದ್ದಾಳೆ, ಊರಿನವರ ದೇವಿಯ ಕಥೆಯನ್ನು ಕೇಳಿ ತಾನು ಪುಣ್ಯವಂತೆ ಎಂದುಕೊಳ್ಳಲು ಶುರುಮಾಡಿದ್ದಾಳೆ. ಮುಚ್ಚಿಟ್ಟದ್ದು ಒಳ್ಳೆಯ ಮನಸ್ಸಿನದಾದರೂ ಮುಚ್ಚಿಟ್ಟದ್ದೇ. ಅದರ ರುಚಿ ನನಗೆ ಗೊತ್ತು. ಇದನ್ನು ಬರೆದು ಮುಗಿಸಿ ಮೊದಲು ಅವಳ ಕೈಗೇ ಕೊಟ್ಟೆ.

ಅವಳು ಕಟ್ಟೆಯ ಮೇಲೆ ಕುಳಿತು ಓದಿದಳು. ಕೆಲವು ಹಾಳೆಗಳನ್ನು ಎರಡು ಸಲ ಓದಿದಳು. ನಾನು ಅಕ್ಕಿ ಆರಿಸುವ ನೆಪದಲ್ಲಿ ಹತ್ತಿರವೇ ಕುಳಿತಿದ್ದೆ, ಒಂದು ಕಲ್ಲೂ ಕಾಣುತ್ತಿರಲಿಲ್ಲ. ಕೊನೆಗೆ ಹಾಳೆಗಳನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು.

“ಚಿಗವ್ವಗ ಗೊತ್ತೈತೇನು? ಆಯಿ ನನ್ನಿಂದ ಹೋದ್ಲು ಅಂತ?”

ಚಿಗವ್ವ ಎಂದರೆ ರೇಣುಕಾ.

“ಗೊತ್ತೈತಿ. ಆ ದಿನ ಅಲ್ಲೇ ಇದ್ಲು. ಆದ್ರ ನಿನ್ನಿಂದ ಅಲ್ಲ ಭೂಮಿ, ನಮ್ಮಿಂದ.”

ಆ ಎರಡನೆಯ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ತನ್ನ ಎರಡು ಜಡೆಗಳ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

“ಗೊತ್ತಿದ್ದೂ ದಿನಾ ನನ್ನ ತಲಿ ಬಾಚ್ತಾಳ.”